ಕಟ್ಟಡದ ನಾಡಿ

ಮನೆಯ ವಿದ್ಯುತ್ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ. ಮೊತ್ತ ಎಂದಿಗಿಂತ ಹೆಚ್ಚಾಗಿದ್ದರೆ ಮನೆಮಂದಿಯೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಬಚ್ಚಲುಮನೆಯ ಗೀಸರನ್ನು ಯಾರಾದರೂ ಆರಿಸಲು ಮರೆತರೋ, ಹಳೆಯ ಫ್ರಿಜ್ಜು ಹೆಚ್ಚು ಕರೆಂಟು ಎಳೆಯತೊಡಗಿತೋ ತಿಳಿಯುವುದಿಲ್ಲ. ಖರ್ಚಾದದ್ದು ಎಷ್ಟು ಎಂಬುದನ್ನು ಮಾತ್ರ ಬಿಲ್ಲು ಹೇಳುತ್ತದೆ. ಎಲ್ಲಿ, ಯಾವಾಗ, ಏಕೆ ಎಂಬುದನ್ನು ಹೇಳುವುದಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿತೆಂಬ ಸುದ್ದಿ ತಿಂಗಳ ಕೊನೆಗೆ ತಲುಪಿದರೆ ಅದರಿಂದ ಆಗುವ ಪ್ರಯೋಜನವಾದರೂ ಏನು?

ಹತ್ತಿಪ್ಪತ್ತು ಅಂತಸ್ತುಗಳ ಕಚೇರಿ, ಅಂಗಡಿಗಳ ಸಂಕೀರ್ಣ, ದೊಡ್ಡ ಹೋಟೆಲು ಇವುಗಳ ಸ್ಥಿತಿಯೂ ಬಹುಕಾಲ ಹೀಗೆಯೇ ಇತ್ತು. ವ್ಯತ್ಯಾಸವೆಂದರೆ ಅಲ್ಲಿ ಉಕ್ಕುವ ಹಾಲಿನ ಪ್ರಮಾಣ ದೊಡ್ಡದು. ಈಚಿನ ದಶಕಗಳಲ್ಲಿ ಅಂಥ ಕಟ್ಟಡಗಳ ಒಳಗೆ ನೂರಾರು ಸಣ್ಣ ಅಳತೆಗಾರರು ಬಂದು ಕುಳಿತಿದ್ದಾರೆ. ಕೋಣೆಯ ಉಷ್ಣತೆ, ಗಾಳಿಯ ತೇವ, ಕೊಳವೆಯ ನೀರಿನ ತಂಪು, ಒಂದೊಂದು ಪಂಪು ಎಳೆಯುತ್ತಿರುವ ವಿದ್ಯುತ್ತು, ಇವೆಲ್ಲ ಕೆಲವು ನಿಮಿಷಗಳಿಗೊಮ್ಮೆ ಅಂಕಿಗಳಾಗಿ ಕಂಪ್ಯೂಟರಿನ ಪರದೆಗೆ ಬರುತ್ತವೆ. ಕಟ್ಟಡದ ನಾಡಿಯನ್ನು ಹಿಡಿದು ನೋಡುವ ಈ ವಿದ್ಯೆಯ ಕುರಿತು ನಾಲ್ಕು ಮಾತುಗಳನ್ನು ಹೇಳುವುದು ಇಂದಿನ ನನ್ನ ಉದ್ದೇಶ.

ವಿದ್ಯೆ ಹೊಸದಾಗಿ ಕಂಡರೂ ಅದರ ಬೇರು ಹಳೆಯದು. ಅದು ಇರುವುದು ಒಂದು ಪಾಠಶಾಲೆಯಲ್ಲಿ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರನ್ ಜಾನ್ಸನ್ ಎಂಬ ಅಧ್ಯಾಪಕರಿದ್ದರು. ಅಲ್ಲಿ ಚಳಿ ಕಠಿಣ. ಶಾಲೆಯ ಜವಾನ ಆಗಾಗ ತರಗತಿಯೊಳಕ್ಕೆ ಬಂದು ಉಷ್ಣಮಾಪಕವನ್ನು ನೋಡಬೇಕು. ಮತ್ತೆ ನೆಲಮಾಳಿಗೆಗೆ ಇಳಿದು ಬಿಸಿಗಾಳಿಯ ಬಾಗಿಲುಗಳನ್ನು ತೆರೆಯಬೇಕು, ಇಲ್ಲವೆ ಮುಚ್ಚಬೇಕು. ಪಾಠಕ್ಕೆ ಅಡಚಣೆ, ಜವಾನನ ಕಾಲಿಗೆ ಶ್ರಮ. ಜಾನ್ಸನ್ ಒಂದು ಉಪಾಯ ಹೂಡಿದರು. ಕೋಣೆ ಅತಿಯಾಗಿ ಬಿಸಿಯಾದರೆ ಅಥವಾ ತಣ್ಣಗಾದರೆ ಕೆಳಗೆ ಗಂಟೆ ಬಾರಿಸುವ ವಿದ್ಯುತ್ ಸಾಧನವೊಂದನ್ನು ನಿರ್ಮಿಸಿ 1883ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಕೋಣೆ ತನ್ನ ಸ್ಥಿತಿಯನ್ನು ತಾನೇ ಆ ಕ್ಷಣದಲ್ಲೇ ತಿಳಿಸುವಂತಾಯಿತು. 1885ರಲ್ಲಿ ಅವರು ಮಿಲ್ವಾಕಿ ನಗರದಲ್ಲಿ ಒಂದು ಕಂಪನಿಯನ್ನೂ ಸ್ಥಾಪಿಸಿದರು.

ಆ ಕಂಪನಿಯೇ ಮುಂದೆ ಜಾನ್ಸನ್ ಕಂಟ್ರೋಲ್ಸ್ ಎಂಬ ಹೆಸರಿನಿಂದ ಬೆಳೆದು, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಪುನರುಜ್ಜೀವನದಲ್ಲಿ ಪಾಲುಗೊಂಡಿತು. 1931ರಲ್ಲಿ ತೆರೆದ, 102 ಅಂತಸ್ತುಗಳ ಆ ಕಟ್ಟಡವನ್ನು ಚಿತ್ರದಲ್ಲಾದರೂ ಕಾಣದವರು ವಿರಳ. ಅದರ ಶಕ್ತಿವ್ಯಯವನ್ನು ಶೇಕಡಾ 38ರಷ್ಟು ಇಳಿಸುವ ಯೋಜನೆ 2009ರಲ್ಲಿ ಪ್ರಕಟವಾಯಿತು. ವರ್ಷಕ್ಕೆ ಸುಮಾರು 44 ಲಕ್ಷ ಡಾಲರುಗಳ ಉಳಿತಾಯ ಅದರ ಲೆಕ್ಕಾಚಾರ.

ಅಲ್ಲಿ ಕೆಲಸಗಳನ್ನು ಕೈಗೊಂಡ ಅನುಕ್ರಮ ಗಮನಾರ್ಹವಾದುದು. ತಂಪು ನೀರನ್ನು ಒದಗಿಸುವ ಬೃಹತ್ ಯಂತ್ರಗಳು ಹಳೆಯವಾಗಿದ್ದವು. ಅವನ್ನು ಬದಲಾಯಿಸುವುದು ಸಹಜವಾಗಿ ತೋಚುವ ಮಾರ್ಗ. ಆದರೆ ಯೋಜಕರು ಕಿಟಕಿಗಳತ್ತ ತಿರುಗಿದರು. 6,514 ಕಿಟಕಿಗಳ ಗಾಜುಗಳನ್ನು ಬಿಚ್ಚಿ, ಕಟ್ಟಡದೊಳಗೇ ಒಂದು ಕಾರ್ಖಾನೆ ಹೂಡಿ, ಎರಡು ಗಾಜುಗಳ ನಡುವೆ ಶಾಖವನ್ನು ತಡೆಯುವ ಹಾಳೆಯನ್ನಿರಿಸಿ ಮತ್ತೆ ಜೋಡಿಸಿದರು. ಹೊರಗಿನ ಬಿಸಿ ಒಳಬರುವುದು ಕಡಿಮೆಯಾಯಿತು. ತಂಪು ಮಾಡಬೇಕಾದ ಹೊರೆ ತಗ್ಗಿತು. ಹಳೆಯ ಯಂತ್ರಗಳನ್ನು ಕಿತ್ತೆಸೆಯದೆ ನವೀಕರಿಸಿದರೇ ಸಾಕಾಯಿತು. ತೂತು ಬಿಂದಿಗೆಗೆ ನೀರು ಸೇದುವ ಮೊದಲು ತೂತನ್ನು ಮುಚ್ಚಬೇಕೆಂಬುದು ನಮ್ಮ ಹಳ್ಳಿಯ ಹೆಂಗಸರಿಗೂ ತಿಳಿದ ಮಾತಲ್ಲವೆ? ಇದರ ಬಳಿಕವೇ ಕ್ಷಣಕ್ಷಣದ ಮಾಹಿತಿಯ ಪಾತ್ರ. ಕಟ್ಟಡದ ಯಂತ್ರಗಳ ನಿಯಂತ್ರಣವನ್ನು ಸುಧಾರಿಸಿದ್ದಲ್ಲದೆ, ಬಾಡಿಗೆದಾರರು ತಾವು ಬಳಸುತ್ತಿರುವ ವಿದ್ಯುತ್ತನ್ನು ತಾವೇ ನೋಡಿಕೊಳ್ಳುವ ಏರ್ಪಾಡನ್ನೂ ಮಾಡಿದರು. ದೀಪ, ಕಂಪ್ಯೂಟರುಗಳ ಗುಂಡಿ ಒಡೆಯನ ಕೈಯಲ್ಲಿಲ್ಲ, ಅವರ ಕೈಯಲ್ಲಿದೆ. ಕಾಣದ ಖರ್ಚನ್ನು ಯಾರೂ ಕಡಿಮೆ ಮಾಡಲಾರರು.

ಈ ಅಂಕಿಗಳು ಉಳಿತಾಯವಾಗುವ ಬಗೆ ಹೇಗೆ? ಮೊದಲನೆಯದು ಅತ್ಯಂತ ಸರಳ. ರಾತ್ರಿ ಎರಡು ಗಂಟೆಗೆ ಯಾರೂ ಇಲ್ಲದ ಅಂತಸ್ತಿನಲ್ಲಿ ಫ್ಯಾನು ತಿರುಗುತ್ತಿದ್ದರೆ ತಿಂಗಳ ಬಿಲ್ಲಿಗೆ ಅದು ಕಾಣದು. ಗಂಟೆಗಂಟೆಯ ಲೆಕ್ಕಕ್ಕೆ ಮೊದಲ ದಿನವೇ ಕಾಣುತ್ತದೆ. ಎರಡನೆಯದರಲ್ಲಿ ಸ್ವಲ್ಪ ಭೌತಶಾಸ್ತ್ರವಿದೆ. ಗಾಳಿ ತಳ್ಳುವ ಫ್ಯಾನು ಬಳಸುವ ಶಕ್ತಿ ಅದರ ವೇಗದ ಘನವನ್ನು ಅನುಸರಿಸುತ್ತದೆ. ವೇಗವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿದರೆ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಷ್ಟು ಗಾಳಿ ಈಗ ಬೇಕೇ ಬೇಡವೇ ಎಂಬುದು ತಿಳಿದಿದ್ದರೆ ತಾನೆ ತಗ್ಗಿಸುವುದು? ಮೂರನೆಯದು ನಮ್ಮ ಉಸಿರಿಗೆ ಸಂಬಂಧಿಸಿದ್ದು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಹತ್ತು ಲಕ್ಷಕ್ಕೆ 420 ಭಾಗಗಳಿಗಿಂತ ತುಸು ಹೆಚ್ಚು. ಸಭಾಂಗಣದಲ್ಲಿ ಜನ ತುಂಬಿದಂತೆ ಅದು ಏರುತ್ತದೆ. ಏರಿದಾಗ ಹೊಸ ಗಾಳಿಯನ್ನು ಹೆಚ್ಚಾಗಿ ತರುವುದು, ಜನ ಎದ್ದುಹೋದಾಗ ಕಡಿಮೆ ಮಾಡುವುದು, ಇಷ್ಟೇ ಉಪಾಯ.

ನಮ್ಮ ದೇಶವೂ ಈ ದಾರಿಯಲ್ಲಿ ಕೆಲವು ಹೆಜ್ಜೆಗಳನ್ನಿಟ್ಟಿದೆ. 2001ರಲ್ಲಿ ಶಕ್ತಿ ಸಂರಕ್ಷಣಾ ಕಾಯಿದೆ ಬಂದಿತು; 2007ರಲ್ಲಿ ವಾಣಿಜ್ಯ ಕಟ್ಟಡಗಳಿಗೆ ಶಕ್ತಿ ಸಂಹಿತೆ ರೂಪುಗೊಂಡಿತು. 2023ರಲ್ಲಿ ತಿದ್ದುಪಡಿಯಾದ ಕೇಂದ್ರದ ನಿಯಮಗಳು, 10 ಕಿಲೋವಾಟಿಗಿಂತ ಹೆಚ್ಚಿನ ಬೇಡಿಕೆಯುಳ್ಳ ವಾಣಿಜ್ಯ ಹಾಗೂ ಕೈಗಾರಿಕಾ ಬಳಕೆದಾರರಿಗೆ 2024ರ ಏಪ್ರಿಲ್ 1ರಿಂದ ದಿನದ ಹೊತ್ತಿಗೆ ತಕ್ಕ ದರವಿರಬೇಕೆಂದು ಗೊತ್ತುಪಡಿಸಿದವು. ಬಿಸಿಲಿನ ವಿದ್ಯುತ್ತು ಹೇರಳವಾಗಿರುವ ಹಗಲಿನಲ್ಲಿ ಅಗ್ಗ, ಬೇಡಿಕೆ ಏರುವ ವೇಳೆಯಲ್ಲಿ ತುಟ್ಟಿ. ಎಷ್ಟು ಬಳಸಿದೆವು ಎಂಬುದರ ಜೊತೆಗೆ ಯಾವಾಗ ಬಳಸಿದೆವು ಎಂಬುದಕ್ಕೂ ಈಗ ಬೆಲೆಯಿದೆ. ಮಧ್ಯಾಹ್ನವೇ ಗೋಡೆ, ನೆಲಗಳನ್ನು ತುಸು ತಂಪಾಗಿಸಿಟ್ಟು ಸಂಜೆಯ ಯಂತ್ರದ ಹೊರೆಯನ್ನು ಇಳಿಸುವ ಕಟ್ಟಡ ಜಾಣ ಕಟ್ಟಡ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ನನ್ನ ಪರಿಚಯದ ಹೆಂಗಸೊಬ್ಬರು ಇಂಥದೊಂದು ಸುಸಜ್ಜಿತ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ಏಪ್ರಿಲಿನ ಬಿರುಬಿಸಿಲಿನಲ್ಲಿ ಅವರನ್ನು ಕಾಣಲು ಹೋದಾಗ ಉಣ್ಣೆಯ ಶಾಲು ಹೊದ್ದು ಕುಳಿತಿದ್ದರು. ಹಲವು ಬಾರಿ ದೂರು ಕೊಟ್ಟಿದ್ದರಂತೆ. ‘ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಇದೆಯಮ್ಮಾ’ ಎಂಬುದೊಂದೇ ಉತ್ತರ. ಕೊನೆಗೆ ನಿವೃತ್ತಿಯ ಅಂಚಿನಲ್ಲಿದ್ದ ಎಲೆಕ್ಟ್ರಿಶಿಯನ್ ಒಬ್ಬರು ಕೈಯಲ್ಲೊಂದು ಉಷ್ಣಮಾಪಕ ಹಿಡಿದು ಅವರ ಮೇಜಿನ ಬಳಿ ಬಂದು ನಿಂತರು. ಆಮೇಲೆ ಹಜಾರವನ್ನೆಲ್ಲ ಒಮ್ಮೆ ಸುತ್ತಿದರು. ಗೋಡೆಯ ಮೇಲಿನ ಅಳತೆಗಾರನ ಕೆಳಗೇ ಯಾರೋ ಜೆರಾಕ್ಸ್ ಯಂತ್ರವನ್ನಿರಿಸಿದ್ದರು. ಅದರ ಬಿಸಿ ಉಸಿರನ್ನೇ ಹಜಾರದ ಉಷ್ಣತೆಯೆಂದು ಬಗೆದು ಅಳತೆಗಾರ ವರದಿ ಮಾಡುತ್ತಿದ್ದ. ಯಂತ್ರಗಳು ಆ ವರದಿಯನ್ನು ನಂಬಿ ದಿನವಿಡೀ ತಂಪನ್ನು ಸುರಿಯುತ್ತಿದ್ದವು. ಜೆರಾಕ್ಸ್ ಯಂತ್ರವನ್ನು ಹತ್ತು ಹೆಜ್ಜೆ ಸರಿಸಿದರು. ವಿದ್ಯುತ್ತೂ ಉಳಿಯಿತು, ಶಾಲೂ ಇಳಿಯಿತು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು. ಕಟ್ಟಡದ ವಿಷಯದಲ್ಲಿ ಹಾಗಲ್ಲ. ಒಂದು ಮೂಲೆಯ ಅಗುಳು ಬೆಂದಿದ್ದರೆ ಇನ್ನೊಂದು ಮೂಲೆಯದು ಇನ್ನೂ ಅಕ್ಕಿಯಾಗಿರಬಹುದು. ಯಾರಿಗೆ ಹಿತ ಎಂಬ ಪ್ರಶ್ನೆಯೂ ಇದೆ. ಕಚೇರಿಗಳ ಉಷ್ಣತೆಯ ಮಾನದಂಡದಲ್ಲಿ ಬಳಸುವ ಒಂದು ಮುಖ್ಯ ಅಂಕಿ ಮಧ್ಯವಯಸ್ಸಿನ ಗಂಡಸಿನ ದೇಹವನ್ನು ಆಧರಿಸಿದ್ದು, ಅದು ಹೆಂಗಸರ ದೇಹ ಉತ್ಪಾದಿಸುವ ಶಾಖವನ್ನು ಶೇಕಡಾ 35ರವರೆಗೂ ಹೆಚ್ಚಾಗಿ ಎಣಿಸಬಹುದು ಎಂದು ನೆದರ್ಲೆಂಡ್ಸಿನ ಇಬ್ಬರು ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು. ಅಂಕಿ ಸುಳ್ಳಾಡದಿರಬಹುದು, ಆದರೆ ಅದು ಯಾರ ಅಂಕಿ ಎಂದು ಕೇಳುವ ಹಕ್ಕು ಶಾಲು ಹೊದ್ದವರಿಗಿದೆ. ಜನರಿದ್ದಾರೆಯೇ ಎಂದು ನೋಡಿ ದೀಪ ಹೊತ್ತಿಸುವ ಸಾಧನ, ಯಾರು ಎಷ್ಟು ಹೊತ್ತು ಕುರ್ಚಿಯಲ್ಲಿರಲಿಲ್ಲ ಎಂದು ಎಣಿಸುವ ಕಾವಲುಗಾರನಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಅಗತ್ಯ.

ವೈಟ್‌ವಾಟರಿನ ಜವಾನ ತರಗತಿಗೆ ಬರುವುದನ್ನು ಗಂಟೆ ತಪ್ಪಿಸಿತು, ಒಳ್ಳೆಯದೇ ಆಯಿತು. ಆದರೆ ಬಾಗಿಲು ತೆರೆದಾಗ ಆತ ಉಷ್ಣಮಾಪಕದ ಜೊತೆಗೆ ಕೈ ಉಜ್ಜಿಕೊಳ್ಳುತ್ತಿದ್ದ ಹುಡುಗರನ್ನೂ ಕಂಡಿರಬೇಕು. ಆ ನೋಟವನ್ನು ಯಾವ ತಂತಿಯೂ ಕೆಳಕ್ಕೆ ಒಯ್ಯಲಾರದು. ವೈದ್ಯ ನಾಡಿ ಹಿಡಿದ ಮೇಲೆ ರೋಗಿಯ ಮುಖವನ್ನೂ ನೋಡುತ್ತಾನೆ, ‘ಹೇಗಿದ್ದೀರಿ’ ಎಂದೂ ಕೇಳುತ್ತಾನೆ. ಪರದೆಯ ಮುಂದೆ ಕುಳಿತವರು ದಿನಕ್ಕೊಮ್ಮೆಯಾದರೂ ಎದ್ದು ಅಂತಸ್ತುಗಳನ್ನು ಸುತ್ತಿಬಂದರೆ, ಆ ಅಂಕಿಗಳು ನಿಜವಾದ ಅರ್ಥದಲ್ಲಿ ಮಾಹಿತಿಯಾದಾವು.