ಉಸಿರು ಬಿಡುವ ಹೊತ್ತು



ಬಲಗೈಯ ಎರಡು ಬೆರಳುಗಳನ್ನು ಎಡ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆಗೆ ಇಟ್ಟು ನಾಡಿ ಸಿಗುತ್ತದೆಯೇ ನೋಡಿ. ಸಿಕ್ಕಿತೇ? ಈಗ ನಿಧಾನವಾಗಿ ಉಸಿರು ಎಳೆದುಕೊಳ್ಳಿ. ಅದಕ್ಕಿಂತಲೂ ನಿಧಾನವಾಗಿ ಬಿಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಉಸಿರು ಎಳೆಯುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ಮಂದವಾಗುತ್ತದೆ. ಗಾಬರಿ ಬೇಡ, ಇದು ಕಾಯಿಲೆಯಲ್ಲ. ಆರೋಗ್ಯವಂತರಲ್ಲಿ, ಅದರಲ್ಲೂ ನಿಮ್ಮ ವಯಸ್ಸಿನವರಲ್ಲಿ, ಇದು ಸಹಜ. ಮೆದುಳಿನ ಬುಡದಿಂದ ಹೊರಟು ಹೃದಯ, ಜಠರಗಳವರೆಗೆ ಇಳಿಯುವ ವೇಗಸ್ ಎಂಬ ನರವೊಂದುಂಟು. ಹೃದಯದ ಓಟಕ್ಕೆ ಕಡಿವಾಣ ಹಾಕುವುದು ಅದರ ಕೆಲಸಗಳಲ್ಲೊಂದು. ಉಸಿರು ಬಿಡುವಾಗ ಆ ಕಡಿವಾಣ ಬಿಗಿಯಾಗುತ್ತದೆ, ಎಳೆಯುವಾಗ ಸಡಿಲಗೊಳ್ಳುತ್ತದೆ.

ಪರೀಕ್ಷೆಯ ಕೊಠಡಿಯಲ್ಲಿ ಎದೆ ಡವಡವ ಎನ್ನುವಾಗ 'ನಿಧಾನವಾಗು' ಎಂದು ಹೃದಯಕ್ಕೆ ಆಜ್ಞೆ ಮಾಡಿದರೆ ಅದು ಕೇಳುವುದಿಲ್ಲ. ಆದರೆ ಉಸಿರಿನ ರೀತಿಯೇ ಬೇರೆ. ಅದು ನಿದ್ದೆಯಲ್ಲಿ ತಾನಾಗಿಯೇ ನಡೆಯುತ್ತದೆ, ಎಚ್ಚರದಲ್ಲಿ ನಾವು ಹೇಳಿದಂತೆಯೂ ನಡೆಯುತ್ತದೆ. ಆದ್ದರಿಂದ ಉಸಿರಿನ ಮೂಲಕ ಹೃದಯಕ್ಕೆ ಮಾತು ಮುಟ್ಟಿಸಬಹುದು. ನಾವು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. 2001ರಲ್ಲಿ ಇಟಲಿಯ ವಿಜ್ಞಾನಿಗಳು ಪ್ರಕಟಿಸಿದ ಒಂದು ಅಧ್ಯಯನ ಸ್ವಾರಸ್ಯವಾಗಿದೆ. ಲ್ಯಾಟಿನ್ ಭಾಷೆಯಲ್ಲಿ ಜಪಮಾಲೆಯ ಪ್ರಾರ್ಥನೆ ಹೇಳಿದರೂ ಸರಿ, ನಮ್ಮ ಕಡೆಯ ಮಂತ್ರ ಜಪಿಸಿದರೂ ಸರಿ, ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯ ಮತ್ತು ರಕ್ತದೊತ್ತಡದ ಲಯಗಳು ಅದಕ್ಕೆ ಹೊಂದಿಕೊಂಡವು. ಬೇರೆ ಬೇರೆ ದೇಶಗಳ ಅಜ್ಜಿಯರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಲೆಕ್ಕಕ್ಕೆ ಬಂದಿದ್ದರು ಎನ್ನಬೇಕು!

ಯೋಗದ ಕಾರ್ಯಕ್ರಮವೆಂದರೆ ನಮ್ಮ ಸ್ಟುಡಿಯೋದಲ್ಲಿ ಮೊದಲು ಬರುವ ಪ್ರಶ್ನೆ 'ಯಾವ ಆಸನ ತೋರಿಸೋಣ?' ಎಂಬುದು. ಕ್ಯಾಮೆರಾಕ್ಕೆ ಶೀರ್ಷಾಸನ ಕಾಣುತ್ತದೆ. ಅದನ್ನು ಹಾಕಿದವರ ಮನಸ್ಸು ಎಲ್ಲಿದೆ ಎಂಬುದು ಯಾವ ಕ್ಯಾಮೆರಾಕ್ಕೂ ಕಾಣದು. ಇದು ಇಂದಿನ ತೊಡಕೂ ಅಲ್ಲ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ಟಿ. ಕೃಷ್ಣಮಾಚಾರ್ಯರು ಜನರನ್ನು ಯೋಗದ ಕಡೆಗೆ ಸೆಳೆಯಲು ಪ್ರದರ್ಶನಗಳನ್ನೇ ಏರ್ಪಡಿಸಬೇಕಾಯಿತು. ಅವರೂ ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರೂ ಕಾಣಿಸಿಕೊಂಡ 1938ರ ಮೂಕಚಿತ್ರ ಈಗಲೂ ಉಳಿದಿದೆ. ನೋಡಿದರೆ ಬೆರಗಾಗುತ್ತದೆ. ಆದರೆ ಪತಂಜಲಿಯ ಸೂತ್ರಗಳಲ್ಲಿ, ಅವು ಇನ್ನೂರಕ್ಕೆ ತುಸು ಕಡಿಮೆ, ಆಸನಕ್ಕೆಂದೇ ಮೀಸಲಾದವು ಮೂರೇ ಮೂರು. ಬಹುಪಾಲು ಮಾತು ಮನಸ್ಸಿನ ಕುರಿತದ್ದು.

ಇತ್ತೀಚೆಗೆ 'ಮೈಂಡ್‌ಫುಲ್‌ನೆಸ್' ಎಂಬ ಪದವನ್ನು ನೀವು ಕೇಳಿರಬಹುದು. ಮಾಡುತ್ತಿರುವ ಕೆಲಸದಲ್ಲೇ ಗಮನವಿಡುವುದು, ಅದು ಜಾರಿದಾಗ ಬೈದುಕೊಳ್ಳದೆ ಮರಳಿ ತರುವುದು, ಇಷ್ಟೇ ಅದರ ಅರ್ಥ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಬೌದ್ಧ ಧ್ಯಾನವನ್ನೂ ಸರಳ ಯೋಗಾಸನಗಳನ್ನೂ ಸೇರಿಸಿ, ಬಹುಕಾಲದ ನೋವಿನಿಂದ ನರಳುವ ರೋಗಿಗಳಿಗೆ ಕಲಿಸತೊಡಗಿದರು. ಅಲ್ಲಿಂದ ಅದು ಶಾಲೆಗಳಿಗೂ ಬಂತು. ಬ್ರಿಟನ್ನಿನ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಿತ್ತು. ತರಗತಿಯ ಪಾಠವಾಗಿ ಇದನ್ನು ಕಲಿತ ಮಕ್ಕಳಿಗೂ ಕಲಿಯದವರಿಗೂ ಮನಸ್ಸಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ!

ಯೋಗ ಮಾಡಿದರೆ ಅಂಕ ಹೆಚ್ಚುತ್ತದೆ, ಜ್ಞಾಪಕಶಕ್ತಿ ಇಮ್ಮಡಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಈ ಪ್ರಯೋಗವನ್ನು ನೆನಪಿಸಿಕೊಳ್ಳಿ. ಇದಕ್ಕೆಂದು ಇನ್ನೊಂದು ಪೀರಿಯಡ್ಡು ಇಡುವುದು ನನಗಂತೂ ರುಚಿಸುವುದಿಲ್ಲ. ಈಗಾಗಲೇ ಮಾಡುವ ಕೆಲಸಕ್ಕೆ ಇದನ್ನು ಅಂಟಿಸಿಕೊಳ್ಳುವುದು ಮೇಲು. ಬಸ್ಸಿಗೆ ಕಾಯುವಾಗ ಎರಡೂ ಪಾದಗಳ ಮೇಲೆ ಸಮನಾಗಿ ನಿಂತಿದ್ದೇನೆಯೇ ಎಂದು ನೋಡಿಕೊಳ್ಳಿ. ತಾಡಾಸನದ ಪಾಠ ಅಲ್ಲೇ ಶುರು. ಊಟದ ಮೊದಲ ನಾಲ್ಕು ತುತ್ತುಗಳನ್ನು ಟಿ.ವಿ. ಇಲ್ಲದೆ, ಮೊಬೈಲ್ ಇಲ್ಲದೆ ತಿನ್ನಿ. (ಟಿ.ವಿ.ಯವನೇ ಹೀಗೆ ಹೇಳುತ್ತಾನಲ್ಲ ಎಂದು ನಗಬೇಡಿ.) ಮೊಬೈಲ್ ಗುಂಯ್‌ಗುಟ್ಟಿದಾಗ ಕೈ ಚಾಚುವ ಮುನ್ನ ಒಂದು ಉಸಿರನ್ನು ಪೂರ್ತಿ ಬಿಡಿ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೂರು. ಉತ್ತರ ಗೊತ್ತಿಲ್ಲದಿದ್ದರೆ ಉಸಿರು ಅದನ್ನು ತಂದುಕೊಡುವುದಿಲ್ಲ. ಗೊತ್ತಿರುವ ಉತ್ತರ ಗಾಬರಿಯಲ್ಲಿ ಮರೆತುಹೋಗದಂತೆ ನೆರವಾಗಬಹುದು.

ಇನ್ನೆರಡು ಮಾತು. ಉಸಿರನ್ನು ಬಹಳ ಹೊತ್ತು ಕಟ್ಟಿಹಿಡಿಯುವ ಕುಂಭಕವನ್ನು, ಭಸ್ತ್ರಿಕೆಯನ್ನು ಟಿ.ವಿ. ನೋಡಿ ಕಲಿಯಬೇಡಿ, ಬಲ್ಲ ಗುರುಗಳ ಎದುರಿನಲ್ಲೇ ಕಲಿಯಿರಿ. ಆಸ್ತಮಾ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ಹಾಗೆಯೇ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕೇ ಬೇಡ ಎನ್ನಿಸತೊಡಗಿದರೆ ಪ್ರಾಣಾಯಾಮ ಮಾಡುತ್ತ ಒಬ್ಬರೇ ಕೂರಬೇಡಿ. ಅಮ್ಮನಿಗೋ, ಅಣ್ಣನಿಗೋ, ನಂಬುವ ಮೇಷ್ಟರಿಗೋ ಹೇಳಿ. ಮನೆಯಲ್ಲಿ ಹೇಳಲು ಆಗದಿದ್ದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು. ಹಗಲೂ ರಾತ್ರಿಯೂ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.