ಪಂಕ್ತಿ ಬಿಟ್ಟೆದ್ದ ಪೇತ್ರ, ಎದುರು ನಿಂತ ಪೌಲ



ಇಂದು ಜೂನ್ 29. ಧರ್ಮಸಭೆಯ ಆಧಾರಸ್ತಂಭಗಳಾದ ಸಂತ ಪೇತ್ರ ಹಾಗೂ ಸಂತ ಪೌಲರನ್ನು ನಾವು ಒಂದೇ ದಿನ ಕೊಂಡಾಡುತ್ತೇವೆ. ಚಿತ್ರಪಟಗಳಲ್ಲಿ ಅಕ್ಕಪಕ್ಕ ನಿಂತಿರುವ ಈ ಇಬ್ಬರು ಒಮ್ಮೆ ಎಲ್ಲರ ಮುಂದೆ ಎದುರುಬದುರಾಗಿದ್ದರು ಎಂಬುದು ನಮಗೆ ಅಷ್ಟಾಗಿ ನೆನಪಾಗುವುದಿಲ್ಲ.

ಗಲಾತ್ಯರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಆ ಪ್ರಸಂಗವಿದೆ. ಅಂತಿಯೋಕ್ಯದಲ್ಲಿ ಪೇತ್ರರು ಯೆಹೂದ್ಯರಲ್ಲದ ವಿಶ್ವಾಸಿಗಳೊಡನೆ ಕುಳಿತು ಊಟ ಮಾಡುತ್ತಿದ್ದರು. ಯಕೋಬರ ಕಡೆಯವರು ಬಂದೊಡನೆ ಹಿಂಜರಿದು, ಪಂಕ್ತಿ ಬಿಟ್ಟು ದೂರವಾದರು. ಬಾರ್ನಬರೂ ಅವರ ಹಿಂದೆಯೇ ಹೋದರು. ಪೌಲರು ಅದನ್ನು ಮುಖಕ್ಕೆ ಮುಖ ಕೊಟ್ಟು ಖಂಡಿಸಿದರು.

ಪೇತ್ರರು ಯಾರನ್ನೂ ಬೈಯಲಿಲ್ಲ, ಹೊಡೆಯಲಿಲ್ಲ. ಯಾರ ಜೊತೆ ಉಣ್ಣಬೇಕು ಎಂಬುದು ಅವರವರ ಇಷ್ಟ ತಾನೇ? ಇಂದಿಗೂ ನಾವು ಕೇಳುವ ವಾದ ಇದೇ. ಭೂಪಸಂದ್ರದಿಂದ ನಾಗಶೆಟ್ಟಿಹಳ್ಳಿಯವರೆಗೆ ನಮ್ಮ ಸಂಜಯನಗರದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಅದು ಬಾಯಿಪಾಠ. 'ಟು-ಲೆಟ್' ಬೋರ್ಡ್ ನೋಡಿ ಗೇಟು ತಟ್ಟಿದರೆ, ಬಾಡಿಗೆ-ಅಡ್ವಾನ್ಸ್‌ಗಿಂತ ಮೊದಲು "ನೀವು ಯಾವ ಜನ?" ಎಂಬ ಪ್ರಶ್ನೆ. ಹೆಸರು ಕೇಳಿದ ಮೇಲೆ "ಆಮೇಲೆ ಫೋನ್ ಮಾಡ್ತೀವಿ." ಆ ಫೋನ್ ಬರುವುದಿಲ್ಲ.

ಕಾನೂನು ಏನೆನ್ನುತ್ತದೆ? ಸಂವಿಧಾನದ 15ನೇ ವಿಧಿಯು ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ-ಧರ್ಮದ ಹೆಸರಿನಲ್ಲಿ ತಡೆಯಬಾರದೆನ್ನುತ್ತದೆ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಮನೆಯಲ್ಲಿ ವಾಸಿಸಲು ಅಡ್ಡಿಪಡಿಸುವುದು ಮಾತ್ರ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಇನ್ನೊಂದೆಡೆ 19ನೇ ವಿಧಿ ಸಂಘ ಕಟ್ಟುವ ಸ್ವಾತಂತ್ರ್ಯ ಕೊಟ್ಟಿದೆ. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದು ಪಾರ್ಸಿಗಳಿಗಷ್ಟೇ ಸದಸ್ಯತ್ವವೆಂದು ಬೈಲಾ ಮಾಡಿಕೊಂಡಿತ್ತು. 2005ರಲ್ಲಿ ಸುಪ್ರೀಂ ಕೋರ್ಟು ಆ ಬೈಲಾವನ್ನು ಎತ್ತಿಹಿಡಿಯಿತು.

ಪಾರ್ಸಿಗಳ ಅಳಲನ್ನು ನಾವು ಹಗುರವಾಗಿ ಕಾಣಲಾರೆವು. 2011ರ ಜನಗಣತಿಯಲ್ಲಿ ದೇಶದಲ್ಲಿದ್ದ ಪಾರ್ಸಿಗಳು ಕೇವಲ 57,264. ಕರಗುತ್ತಿರುವ ಜನ ಒಟ್ಟಿಗಿರಲು ಬಯಸಿದರೆ ತಪ್ಪೇನು? ಸಂಘ ಕಟ್ಟುವ ಹಕ್ಕನ್ನು ಧರ್ಮಸಭೆಯೂ ಎತ್ತಿಹಿಡಿದಿದೆ. ಪೋಪ್ 13ನೇ ಲಿಯೋರವರು 1891ರಲ್ಲೇ ಕಾರ್ಮಿಕರ ಪರವಾಗಿ ಇದನ್ನು ಸಾರಿದರು. ನಮ್ಮ ಧರ್ಮಕೇಂದ್ರಗಳಲ್ಲೇ ಕನ್ನಡ, ತಮಿಳು, ಕೊಂಕಣಿ ಬಳಗಗಳಿವೆ. ತಾಯ್ನುಡಿಯಲ್ಲಿ ಹಾಡಲು, ಜಪಿಸಲು ಸೇರುವುದರಿಂದ ಹೊರಗಿರುವ ಯಾರ ಅನ್ನವೂ ಕಸಿಯಲ್ಪಡುವುದಿಲ್ಲ.

ಆದರೆ ಮನೆ ಎಂಬುದು ಜಪಕೂಟದಂತಲ್ಲ. ಒಬ್ಬ ಮಾಲೀಕ ಬೇಡವೆಂದರೆ ಪಕ್ಕದ ಬೀದಿಗೆ ಹೋಗಬಹುದು. ಇಡೀ ಬಡಾವಣೆಯೇ ಬೇಡವೆಂದರೆ ಎಲ್ಲಿಗೆ ಹೋಗುವುದು? ಮಹಡಿಯ ಒಂದು ಕೋಣೆ ಕೊಡುವ ಒಂಟಿ ಅಜ್ಜಿಯ ಅಂಜಿಕೆಯೇ ಬೇರೆ, ನಾಲ್ಕಂತಸ್ತು ಕಟ್ಟಿಸಿ ಜಾತಿ ಕೇಳುವವರ ಲೆಕ್ಕವೇ ಬೇರೆ. ಅಂತಿಯೋಕ್ಯದಲ್ಲಿ ಪೌಲರಿಗೆ ಸಿಟ್ಟು ಬಂದದ್ದೂ ಇದಕ್ಕೇ ಎಂದು ನಮಗೆ ತೋರುತ್ತದೆ. ಯಾರೋ ಸಾಮಾನ್ಯನೊಬ್ಬ ಪಂಕ್ತಿ ಬಿಟ್ಟಿದ್ದರೆ ಅದು ಅವನೊಬ್ಬನ ಸಂಗತಿಯಾಗುತ್ತಿತ್ತು. ಎದ್ದವರು ಪೇತ್ರರು. ಅವರು ಎದ್ದೊಡನೆ ಉಳಿದ ಯೆಹೂದ್ಯ ವಿಶ್ವಾಸಿಗಳೂ ಎದ್ದರು. ಅನ್ಯಜನಾಂಗದವರು ಎಲೆಯ ಮುಂದೆ ತಾವು ತಾವೇ ಉಳಿದರು.

ಇದು ಬರೀ ಪರರ ಮಾತಲ್ಲ. ಕ್ರೈಸ್ತರೆಂಬ ಕಾರಣಕ್ಕೆ ಮನೆ ಸಿಗದೆ ಅಲೆದವರು ನಮ್ಮಲ್ಲಿದ್ದಾರೆ. ಮನೆ ಕಟ್ಟಿಸಿದ ಮೇಲೆ "ನಮ್ಮವರಾದರೆ ಮಾತ್ರ" ಎನ್ನುವವರೂ ಇದ್ದಾರೆ. ಧರ್ಮಸಭೆಯೊಳಗೇ ದಲಿತರ ಬಗ್ಗೆ ತಾರತಮ್ಯವಿದೆ ಎಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರೇ 2016ರ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿದ್ದಾರೆ. ಆ ಮಾತು ನಮಗೆ ಇರುಸುಮುರುಸಾದೀತು. ಪೌಲರ ಮಾತು ಪೇತ್ರರಿಗೂ ಹಿತವಾಗಿ ಕೇಳಿಸಿರಲಾರದು. ಆದರೂ ರೋಮಿನಲ್ಲಿ ಇಬ್ಬರೂ ಒಂದೇ ವಿಶ್ವಾಸಕ್ಕಾಗಿ ರಕ್ತ ಸುರಿಸಿದರು.

ಮುಂದಿನ ತಿಂಗಳು ಮನೆ ಖಾಲಿಯಾಗಲಿರುವ ಕುಟುಂಬಗಳು ನಮ್ಮ ನಡುವೆ ಇರಬಹುದು. ಬೋರ್ಡ್ ತೂಗುಹಾಕುವ ಮುನ್ನ ಮನೆಯವರೆಲ್ಲ ಕುಳಿತು ಗಲಾತ್ಯರಿಗೆ ಬರೆದ ಪತ್ರದ ಆ 2ನೇ ಅಧ್ಯಾಯವನ್ನು ಒಮ್ಮೆ ಓದಿ. ಈಗ ಎದ್ದುನಿಂತು ವಿಶ್ವಾಸ ಪ್ರಮಾಣವನ್ನು ಹೇಳೋಣ. ಅನಂತರದ ಭಕ್ತರ ಬಿನ್ನಹಗಳಲ್ಲಿ ಈ ವಾರ ಮನೆ ಹುಡುಕುತ್ತಿರುವವರನ್ನು ನೆನೆಯೋಣ.