ಕಟ್ಟಡದ ಮುಖವೂ ಕ್ಯಾಮೆರಾದ ಕಣ್ಣೂ



ಛಾಯಾಗ್ರಹಣವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಮನುಷ್ಯನ ಮುಖಕ್ಕಿಂತ ಕಟ್ಟಡದ ಮುಖವೇ ಕಠಿಣವಾದ ಪಾಠ. ಮನುಷ್ಯನು ನಗುತ್ತಾನೆ, ತಿರುಗುತ್ತಾನೆ. ಕಟ್ಟಡವಾದರೋ ನಿಂತಲ್ಲಿಯೇ ನಿಂತಿರುತ್ತದೆ. ಅದರ ಭಾವವನ್ನು ಬದಲಿಸುವವನು ಸೂರ್ಯನೊಬ್ಬನೇ. ಆದುದರಿಂದ ವಿದ್ಯಾರ್ಥಿಯು ಮೊದಲು ಕಾಯುವುದನ್ನು ಕಲಿಯಬೇಕಾಗುತ್ತದೆ.

ಈ ವಿದ್ಯೆಯು ಕನ್ನಡ ನಾಡಿಗೆ ಬಂದು ಬಹುಕಾಲವಾಯಿತು. 1854ರಲ್ಲಿ ಲಿನ್ನೇಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಸಂಚರಿಸಿ, ಛಾಯಾಚಿತ್ರಗಳಿಂದ ಕೂಡಿದ ವರದಿಯನ್ನು ಹೊರತಂದನು. ಇಂದು ಕಿಸೆಯ ಫೋನಿನಲ್ಲಿ ಕ್ಷಣಕ್ಕೆ ಹತ್ತು ಚಿತ್ರ ತೆಗೆಯುವವರು, ಅಂದಿನವರು ಒಂದೇ ಚಿತ್ರಕ್ಕಾಗಿ ಪಟ್ಟ ಶ್ರಮವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ವಿದ್ಯಾರ್ಥಿಯು ಗೋಕಾಕದ ಜಲಪಾತಕ್ಕೆ ಹೋದನೆನ್ನಿ. ಸುಮಾರು 170 ಅಡಿ ಧುಮುಕುವ ಘಟಪ್ರಭೆಯು ಅವನ ಕಣ್ಣನ್ನೆಲ್ಲ ತನ್ನೆಡೆಗೆ ಸೆಳೆದುಕೊಳ್ಳುತ್ತಾಳೆ. ದಡದ ಚಾಲುಕ್ಯ ಶೈಲಿಯ ಗುಡಿಯು ಚಿತ್ರದ ಮೂಲೆಯಲ್ಲಿ ಆಟಿಕೆಯಂತೆ ಉಳಿಯುತ್ತದೆ. ಸಮೀಪಕ್ಕೆ ಸರಿದು ಕ್ಯಾಮೆರಾವನ್ನು ಮೇಲಕ್ಕೆ ಓರೆಮಾಡಿದರೆ ಗೋಡೆಗಳು ಹಿಂದಕ್ಕೆ ಬಿದ್ದಂತೆ ತೋರುತ್ತವೆ. ಹಿಂದೆ ಸರಿದು, ಸಾಧ್ಯವಿದ್ದರೆ ಎತ್ತರದ ಬಂಡೆಯನ್ನೇರಿ, ಕ್ಯಾಮೆರಾವನ್ನು ನೆಲಕ್ಕೆ ಸಮನಾಗಿ ಹಿಡಿಯಬೇಕು. ಬಸದಿಯ ಮುಂದಿನ ಮಾನಸ್ತಂಭಕ್ಕೂ ಇದೇ ನಿಯಮ.

ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟಗಳು ಕಲಿಸುವ ಪಾಠ ಬೇರೆ. ನಡುಹಗಲಿನಲ್ಲಿ ಅವು ಚಪ್ಪಟೆ. ಇಳಿಹೊತ್ತಿನ ಓರೆಬಿಸಿಲು ಬಿದ್ದಾಗ ಮಾತ್ರ ಅವುಗಳ ದುಂಡು ತುಂಬಿ ಬರುತ್ತದೆ. ಬಾಗಿಲಲ್ಲಿ ಒಬ್ಬ ಮನುಷ್ಯನು ನಿಂತರೆ ಎತ್ತರವೂ ತಿಳಿಯುತ್ತದೆ. ಇನ್ನು ಮೂಡಲಗಿಯ ಕಡೆಯ ಹಳೆಯ ಮಣ್ಣುಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲು ಪಡಸಾಲೆಯ ಕಂಬದ ಮೇಲೆ ಬೀಳುವವರೆಗೆ ಕುಳಿತಿರಬೇಕು. ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದ ಇಂತಹ ಮನೆಗಳೇ ಎಲ್ಲಕ್ಕಿಂತ ಬೇಗ ಕಣ್ಮರೆಯಾಗುತ್ತಿವೆ.

ಬಸದಿಯ ಒಳಗೆ ಪಂಡಿತರ ಅನುಮತಿಯಿಲ್ಲದೆ ಕ್ಯಾಮೆರಾ ತೆರೆಯಬಾರದು. ಅನುಮತಿ ದೊರೆತ ಮೇಲೆಯೂ ಫ್ಲ್ಯಾಶ್ ಬೇಡ. ನುಣುಪಾದ ಕರಿಕಲ್ಲಿನ ಮೇಲೆ ಅದು ಬಿಳಿಯ ಕಲೆಯಾಗಿ ಹೊಳೆದು, ಬಿಂಬದ ಶಾಂತಮುದ್ರೆಯನ್ನು ಅಳಿಸಿಬಿಡುತ್ತದೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಸ್ಥಿರವಾಗಿರಿಸಿ, ಬಾಗಿಲಿನಿಂದ ಬರುವ ಬೆಳಕನ್ನೂ ದೀಪದ ಬೆಳಕನ್ನೂ ಕೆಲವು ಕ್ಷಣ ಒಳಗೆ ಬಿಟ್ಟುಕೊಂಡರೆ ಗರ್ಭಗೃಹವು ತಾನಿದ್ದಂತೆಯೇ ಕಾಣುತ್ತದೆ. 1204ರಲ್ಲಿ ಬೀಚಿರಾಜನು ಬೆಳಗಾವಿಯ ಕೋಟೆಯಲ್ಲಿ ಕಟ್ಟಿಸಿದ ಕಮಲ ಬಸದಿಯ ಛತ್ತಿನ ಕಮಲವನ್ನು ತೆಗೆಯಬೇಕೆಂಬವನು ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತವಾಗಿ ಇರಿಸಬೇಕಾದೀತು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಜೀರ್ಣೋದ್ಧಾರವು ಪುಣ್ಯಕಾರ್ಯ, ಅದರಲ್ಲಿ ಸಂದೇಹವಿಲ್ಲ. ಆದರೆ ಅದೇ ಉತ್ಸಾಹದಲ್ಲಿ ಕೆತ್ತನೆಯ ಕಂಬಕ್ಕೆ ಎಣ್ಣೆಬಣ್ಣ ಬೀಳುತ್ತದೆ, ಶಾಸನದ ಅಕ್ಷರಗಳಲ್ಲಿ ಸುಣ್ಣ ತುಂಬುತ್ತದೆ, ಹಳೆಯ ಗೋಡೆಯು ಹೊಳೆಯುವ ಹಾಸುಗಲ್ಲಿನ ಹಿಂದೆ ಅಡಗುತ್ತದೆ. ಆಮೇಲೆ ಮೂಲರೂಪವನ್ನು ಕೇಳುವವರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಆದುದರಿಂದ ಕೆಲಸಗಾರರು ಏಣಿ ನಿಲ್ಲಿಸುವ ಮೊದಲೇ ಊರಿನ ವಿದ್ಯಾರ್ಥಿಯನ್ನು ಕರೆಯಿಸಿರಿ. ನಾಲ್ಕೂ ದಿಕ್ಕುಗಳನ್ನೂ ಪ್ರತಿಯೊಂದು ಕಂಬವನ್ನೂ ಅವನು ತೆಗೆಯಲಿ. ಶಾಸನವನ್ನು ಪಕ್ಕದಿಂದ ಬೀಳುವ ಬೆಳಕಿನಲ್ಲಿ, ಬದಿಗೊಂದು ಅಳತೆಪಟ್ಟಿ ಇರಿಸಿ ತೆಗೆಯಲಿ. ಆಗ ಸವೆದ ಅಕ್ಷರವೂ ನೆರಳಿನಿಂದ ಎದ್ದು ನಿಲ್ಲುತ್ತದೆ. ಪ್ರತಿ ಚಿತ್ರದ ಬೆನ್ನಿಗೆ ದಿನಾಂಕ, ದಿಕ್ಕು, ಸ್ಥಳಗಳನ್ನು ಬರೆದು, ಒಂದು ಪ್ರತಿಯನ್ನು ಬಸದಿಯ ಶಾಸ್ತ್ರಭಂಡಾರದಲ್ಲಿ, ಇನ್ನೊಂದನ್ನು ಬೇರೆ ಊರಿನಲ್ಲಿ ಇರಿಸಿರಿ.